ಸ್ವೀಡನ್ನಿನ ಹಳ್ಳಿಮನೆಯಲ್ಲಿ ಮೇ–ಜೂನ್: ಮನೆಮಂದಿಯೆಲ್ಲ ಹೊರಟಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಲುಂಡ್ ಕಡೆ ಕೆಲಸದಲ್ಲಿರುವ ಕನ್ನಡದ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ ಬರುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ವಾರ ಹಳ್ಳಿಮನೆ, ಅಂದರೆ ಇಲ್ಲಿಯವರು ಹೇಳುವ 'ಸ್ತೂಗಾ', ಬಾಡಿಗೆಗೆ ಹಿಡಿಯುವವರಿಗಾಗಿ ಈ ಉತ್ತರಗಳು.

ಎಲ್ಲರೂ ಜುಲೈನಲ್ಲಿ ಹೋಗುತ್ತಾರೆ. ಮೇ–ಜೂನ್ ಯಾಕೆ?

ಜುಲೈನಲ್ಲಿ ಇಡೀ ದೇಶವೇ ರಜೆಯ ಮೇಲಿರುತ್ತದೆ. ಉದ್ಯೋಗಿಗೆ ವರ್ಷಕ್ಕೆ 25 ದಿನ ರಜೆ. ಅದರಲ್ಲಿ ನಾಲ್ಕು ವಾರ ಜೂನ್‌ನಿಂದ ಆಗಸ್ಟ್ ಒಳಗೆ ಒಟ್ಟಿಗೆ ಸಿಗಬೇಕೆಂದು ಕಾನೂನೇ ಹೇಳುತ್ತದೆ. ಬಹುಪಾಲು ಜನ ಅದನ್ನು ಜುಲೈಗೆ ಇಟ್ಟುಕೊಳ್ಳುತ್ತಾರೆ. ಶಾಲೆ ಮುಗಿಯುವ ಜೂನ್ ನಡುವಿನಿಂದಲೇ ಬಾಡಿಗೆ ಏರುತ್ತದೆ, ಕೆರೆಯಂಚಿನ ಮನೆಗಳು ಚಳಿಗಾಲದಲ್ಲೇ ಬುಕ್ ಆಗಿ ಹೋಗಿರುತ್ತವೆ. ಮೇ ಮಧ್ಯದಿಂದ ಜೂನ್ ಮೊದಲ ವಾರಗಳವರೆಗೆ ಬಾಡಿಗೆ ಕಡಿಮೆ, ಆಯ್ಕೆ ಹೆಚ್ಚು. ಬರ್ಚ್ ಮರಗಳ ಎಳೆ ಹಸಿರು, ಸೇಬಿನ ಹೂವು, ಆಮೇಲೆ ಲೈಲಾಕ್, ಜೂನ್‌ನಲ್ಲಿ ರಸ್ತೆಯುದ್ದಕ್ಕೂ ನೇರಳೆ ಲೂಪಿನ್, ಎಲ್ಲವೂ ಈ ಐದಾರು ವಾರಗಳಲ್ಲೇ.

ಕೊರತೆಯೂ ಇದೆ. ಇವತ್ತು 24 ಡಿಗ್ರಿ ಇದ್ದದ್ದು ನಾಳೆ 9 ಆಗಬಹುದು. ಮಕ್ಕಳಿಗೆ ನೀರಾಟವೊಂದೇ ಬೇಕು ಅಂದರೆ ಜುಲೈ ಕೊನೆಗೇ ಹೋಗಿ. ಉಳಿದ ಎಲ್ಲಕ್ಕೂ ಮೇ ಕೊನೆಯ ವಾರವೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಯಾವ ರಜೆಗಳನ್ನು ಜೋಡಿಸಿಕೊಳ್ಳಬಹುದು?

ಈಸ್ಟರ್ ಭಾನುವಾರ ಕಳೆದು 39ನೇ ದಿನ ಬರುವ ಗುರುವಾರ (ಕ್ರಿಸ್ತಸ್ವರ್ಗಾರೋಹಣ) ಸರ್ಕಾರಿ ರಜೆ. ನಡುವಿನ ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಕೈಗೆ ಬರುತ್ತದೆ. ಜೂನ್ 6 ರಾಷ್ಟ್ರೀಯ ದಿನ, 2005ರಿಂದ ರಜೆ. ಮಿಡ್‌ಸೊಮ್ಮರ್ (ನಡುಬೇಸಿಗೆಯ ಹಬ್ಬ) ಮುನ್ನಾದಿನ ಯಾವಾಗಲೂ ಜೂನ್ 19ರಿಂದ 25ರೊಳಗಿನ ಶುಕ್ರವಾರ: 2026ರಲ್ಲಿ ಜೂನ್ 19, 2027ರಲ್ಲಿ ಜೂನ್ 25.

ಬಟ್ಟೆ ಏನೇನು ಬೇಕು?

ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಲೇಸು: ಒಳಗೆ ತೆಳ್ಳಗಿನ ಉಣ್ಣೆಯ ಬನಿಯನ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಮಕ್ಕಳಿಗೆ ರಬ್ಬರ್ ಬೂಟು ಮತ್ತು ರಬ್ಬರಿನಂಥ ಮಳೆ ಪ್ಯಾಂಟು ಕಡ್ಡಾಯ; ಹೊಸದು ದುಬಾರಿ, ಹಳೇ ಸಾಮಾನಿನ ಸಂತೆಗಳಲ್ಲಿ (ಲೊಪ್ಪಿಸ್) ಅಗ್ಗಕ್ಕೆ ಸಿಗುತ್ತದೆ. ಮೇ ತಿಂಗಳ ರಾತ್ರಿ 5 ಡಿಗ್ರಿಗೆ ಇಳಿಯುವುದು ಮಾಮೂಲು. ಅಜ್ಜ ಊರಿನಿಂದ ಮಂಕಿ ಟೋಪಿ ತಂದಿದ್ದರೆ ನಗಬೇಡಿ, ಸಂಜೆ ಜಗಲಿಯಲ್ಲಿ ಕೂರುವಾಗ ಅದಕ್ಕೆ ನೀವೇ ಕೈಚಾಚುತ್ತೀರಿ.

ರಾತ್ರಿ ಹತ್ತಾದರೂ ಬೆಳಕು. ಮಕ್ಕಳನ್ನು ಮಲಗಿಸುವುದು ಹೇಗೆ?

ಮಿಡ್‌ಸೊಮ್ಮರ್ ಹೊತ್ತಿಗೆ ಸ್ಟಾಕ್‌ಹೋಮ್ ಸುತ್ತ ಸೂರ್ಯ ಬೆಳಗಿನ ಮೂರೂವರೆಗೆ ಹುಟ್ಟಿ ರಾತ್ರಿ ಹತ್ತರ ಮೇಲೆ ಮುಳುಗುತ್ತಾನೆ. ನಡುವಿನ ಹೊತ್ತೂ ಪೂರ್ತಿ ಕತ್ತಲೆಯಲ್ಲ. ಉತ್ತರ ತುದಿಯ ಕಿರುನಾದಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಮುಳುಗುವುದೇ ಇಲ್ಲ. ಬಾಡಿಗೆ ಮನೆಗಳಲ್ಲಿ ಕತ್ತಲೆ ಪರದೆ ಇರುತ್ತದೆಂಬ ಭರವಸೆಯಿಲ್ಲ. ಕಪ್ಪು ದಪ್ಪ ಬಟ್ಟೆ ಮತ್ತು ಪೇಂಟರ್‌ಗಳು ಬಳಸುವ ಟೇಪು ಒಯ್ಯಿರಿ. ಬೇರೆ ಟೇಪು ಕಿತ್ತರೆ ಚೌಕಟ್ಟಿನ ಬಣ್ಣವೂ ಬರುತ್ತದೆ. ಎಡವಟ್ಟಾಗುವುದು ಸಂಜೆಯಲ್ಲಲ್ಲ, ನಸುಕಿನಲ್ಲಿ: ನಾಲ್ಕು ಗಂಟೆಗೇ ಬಿಸಿಲು ಮುಖಕ್ಕೆ ಬಡಿಯುತ್ತದೆ. ಆದ್ದರಿಂದ ಮಕ್ಕಳಿಗೆ ಪೂರ್ವದ ಕಿಟಕಿಯಿರುವ ಕೋಣೆ ಬೇಡ. ಊಟದ ಹೊತ್ತನ್ನು ಗಡಿಯಾರ ನೋಡಿಯೇ ಇಟ್ಟುಕೊಳ್ಳಿ, ಬೆಳಕು ನಂಬಿದರೆ ರಾತ್ರಿಯೂಟ ಹತ್ತಕ್ಕೆ ಹೋಗುತ್ತದೆ.

ಬಾಡಿಗೆ ಮನೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ?

ಹಾಸಿಗೆ, ದಿಂಬು, ರಜಾಯಿ ಇರುತ್ತವೆ. ಅವುಗಳ ಹೊದಿಕೆ, ಟವೆಲ್ ಸಾಮಾನ್ಯವಾಗಿ ನಿಮ್ಮದು. ಬುಕ್ ಮಾಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ನೀರು ಬಾವಿಯದೋ ಊರಿನದೋ? ಶೌಚಾಲಯ ಒಳಗೋ, ಹೊರಗಿನ ಒಣ ಕಕ್ಕಸೋ? ಬಿಸಿನೀರಿನ ಟ್ಯಾಂಕ್ ಎಷ್ಟು ಲೀಟರ್? ಒಲೆ ಮಾಮೂಲಿ ವಿದ್ಯುತ್ತಿನದೋ ಇಂಡಕ್ಷನ್ನೋ? ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಆರು ಜನರಿರುವ ಮನೆಗೆ 30 ಲೀಟರ್ ಟ್ಯಾಂಕ್ ಇದ್ದರೆ ಇಬ್ಬರ ಸ್ನಾನಕ್ಕೇ ಮುಗಿಯುತ್ತದೆ. ನಡುವೆ ಒಂದೆರಡು ಗಂಟೆ ಬಿಡಬೇಕು.

ಹೊರಗಿನ ಕಕ್ಕಸು ವಯಸ್ಸಾದವರಿಗೆ ಕಷ್ಟ. ರಾತ್ರಿ ಎದ್ದು ಇಬ್ಬನಿಯ ಹುಲ್ಲಿನಲ್ಲಿ ನಡೆಯಬೇಕು. ಅಪ್ಪ-ಅಮ್ಮ ಜೊತೆಗಿದ್ದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಳಗೇ ಶೌಚಾಲಯ ಇರುವ ಮನೆ ಹಿಡಿಯಿರಿ.

ತೊಗರಿಬೇಳೆ, ಹುಣಸೆ, ಕರಿಬೇವು, ಇಂಗು ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಮೊಸರನ್ನಕ್ಕೆ ಸಾದಾ ಯೋಗರ್ಟ್ ಕೊಳ್ಳಿ. ಪಕ್ಕದಲ್ಲೇ ಅದೇ ಬಗೆಯ ಡಬ್ಬದಲ್ಲಿರುವ 'ಫಿಲ್‌ಮ್ಯೋಲ್ಕ್' ಬೇರೆ ಹೆಪ್ಪಿನದು, ರುಚಿಯೂ ಬೇರೆ; ಒಗ್ಗರಣೆ ಹಾಕಿ ಮಜ್ಜಿಗೆ ಮಾಡಲು ಪರವಾಗಿಲ್ಲ. ದೋಸೆ ಹುಯ್ಯುವಾಗ ಕಿಟಕಿ ತೆರೆದಿರಿ, ಸಣ್ಣ ಮನೆಯ ಹೊಗೆ ಅಲಾರಂ ಎರಡನೇ ದೋಸೆಗೇ ಕೂಗುತ್ತದೆ.

ಹಳೇ ಮನೆಯೊಂದನ್ನು ಇಡೀ ಬೇಸಿಗೆಗೆ ಹಿಡಿದಿದ್ದೇವೆ. ಚಳಿಗಾಲದ ನಂತರ ಹೇಗೆ ತೆರೆಯಬೇಕು?

ಮೊದಲು ಇಲಿ. ಚಳಿಗಾಲದಲ್ಲಿ ಕಾಡಿಲಿಗಳು ಒಳಗೆ ಸೇರಿರುತ್ತವೆ. ಅವುಗಳ ಹಿಕ್ಕೆಯ ಧೂಳು ಉಸಿರಿನೊಂದಿಗೆ ಒಳಹೋದರೆ, ವಿಶೇಷವಾಗಿ ಉತ್ತರ ಸ್ವೀಡನ್ನಿನಲ್ಲಿ, ಒಂದು ಬಗೆಯ ಹಂಟಾವೈರಸ್ ಜ್ವರ ಬರುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಕೊಡುವಂಥದ್ದು. ಆದ್ದರಿಂದ ಪೊರಕೆಯೂ ಬೇಡ, ವ್ಯಾಕ್ಯೂಮ್ ಕ್ಲೀನರ್ರೂ ಬೇಡ. ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಹೊರಗಿರಿ, ಗ್ಲೌಸ್ ಹಾಕಿಕೊಂಡು ಸೋಪುನೀರು ಸಿಂಪಡಿಸಿ ನೆನೆಸಿ, ಪೇಪರ್ ಟವೆಲ್ಲಿನಿಂದ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ.

ಆಮೇಲೆ ನೀರು. ಹೆಪ್ಪುಗಟ್ಟಿ ಒಡೆಯದಿರಲೆಂದು ಶರತ್ಕಾಲದಲ್ಲಿ ಪೈಪುಗಳನ್ನೆಲ್ಲ ಖಾಲಿ ಮಾಡಿರುತ್ತಾರೆ. ಕೆಳಗಿನ ಖಾಲಿಮಾಡುವ ನಲ್ಲಿಗಳನ್ನು ಮುಚ್ಚಿ, ಮೇಲಿನ ನಲ್ಲಿಗಳನ್ನು ತೆರೆದಿಟ್ಟು, ಪಂಪಿಗೆ ನೀರು ತುಂಬಿ ಚಾಲೂ ಮಾಡಿ. ಗಾಳಿ ಹೋಗಿ ಧಾರೆ ಒಂದೇ ಸಮ ಬರುವವರೆಗೆ ಬಿಡಿ, ಬಳಿಕ ಒಂದೊಂದೇ ಮುಚ್ಚುತ್ತಾ ಪೈಪಿನ ಜೋಡಣೆಗಳ ಕೆಳಗೆ ಕೈ ಆಡಿಸಿ ಸೋರಿಕೆ ನೋಡಿ. ಬಿಸಿನೀರಿನ ಟ್ಯಾಂಕಿನ ಸ್ವಿಚ್ ಹಾಕುವುದು ಕೊನೆಗೆ, ಬಿಸಿನೀರಿನ ನಲ್ಲಿಯಲ್ಲೂ ತುಂಬು ಧಾರೆ ಬಂದ ಮೇಲೆ. ಖಾಲಿ ಟ್ಯಾಂಕಿಗೆ ವಿದ್ಯುತ್ ಕೊಟ್ಟರೆ ಕಾಯಿಲ್ ಸುಟ್ಟು ಹೋಗುತ್ತದೆ. ಮೊದಲ ನೀರು ಕಂದಾಗಿರುವುದು ಸಹಜ. ಬಾವಿ ನೀರನ್ನು ಮೂರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು, ಕೊನೆಯ ವರದಿ ಮಾಲೀಕರಿಂದ ಕೇಳಿ ಪಡೆಯಿರಿ.

ಕಟ್ಟಿಗೆ ಒಲೆ ಹಚ್ಚುವ ಮುನ್ನ ಚಿಮಣಿಯ ಬಾಗಿಲು (ಸ್ಪ್ಯೆಲ್) ತೆರೆದಿದೆಯೇ ನೋಡಿ. ಕೆಂಡ ಪೂರ್ತಿ ಆರುವ ಮೊದಲೇ ಅದನ್ನು ಮುಚ್ಚಿದರೆ ವಾಸನೆಯಿಲ್ಲದ ವಿಷಾನಿಲ ಮನೆಯೊಳಗೇ ಉಳಿಯುತ್ತದೆ.

ಮನೆಗಳೆಲ್ಲ ಒಂದೇ ಕೆಂಪು ಯಾಕೆ?

ಫಾಲುನ್ ತಾಮ್ರದ ಗಣಿಯ ಉಳಿಕೆ ಮಣ್ಣಿನಿಂದ ಮಾಡಿದ ಬಣ್ಣ. ಆ ಪುಡಿಯನ್ನು ನೀರು, ರೈ ಹಿಟ್ಟು, ಕಬ್ಬಿಣದ ಸಲ್ಫೇಟ್ ಜೊತೆ ಕುದಿಸುತ್ತಾರೆ. ಗಣಿ 1992ರಲ್ಲಿ ಮುಚ್ಚಿತು, ಬಣ್ಣ ಇನ್ನೂ ಬರುತ್ತಿದೆ. ಗೋಡೆಗೆ ಒರಗಬೇಡಿ, ಬಿಳಿ ಅಂಗಿಗೆ ಹತ್ತುತ್ತದೆ.

ಯಾರದೋ ಕಾಡಿನಲ್ಲಿ ಸುಮ್ಮನೆ ನುಗ್ಗಬಹುದೇ?

ನಡೆಯಬಹುದು. ಪ್ರಕೃತಿಯಲ್ಲಿ ಎಲ್ಲರಿಗೂ ಓಡಾಡುವ ಹಕ್ಕು ('ಅಲ್ಲೆಮಾನ್ಸ್‌ರೆತ್ತೆನ್') 1994ರಿಂದ ಸಂವಿಧಾನದಲ್ಲೇ ಇದೆ. ಖಾಸಗಿ ಕಾಡಿನಲ್ಲೂ ನಡೆಯಬಹುದು, ಕಾಡುಹಣ್ಣು ಕೀಳಬಹುದು, ಒಂದೆರಡು ರಾತ್ರಿ ಟೆಂಟ್ ಹಾಕಬಹುದು. ಮನೆಯಂಗಳ, ಬಿತ್ತಿದ ಹೊಲ, ಸಸಿ ನೆಟ್ಟ ಜಾಗಕ್ಕೆ ಹೋಗುವಂತಿಲ್ಲ. ಮನೆಯವರಿಗೆ ನೀವು ಕಣ್ಣಿಗೆ ಬೀಳುವಷ್ಟು ಹತ್ತಿರವೂ ಬೇಡ. ದನದ ಗೇಟು ತೆರೆದರೆ ಮುಚ್ಚಿಯೇ ಹೋಗಬೇಕು. ನಾಯಿಯನ್ನು ಮಾರ್ಚ್ 1ರಿಂದ ಆಗಸ್ಟ್ 20ರವರೆಗೆ ಕಾಡಿನಲ್ಲಿ ಅಡ್ಡಾಡಲು ಬಿಡುವಂತಿಲ್ಲ. ಆರ್ಕಿಡ್ ಯಾವುದನ್ನೂ ಕೀಳಬೇಡಿ, ಎಲ್ಲಕ್ಕೂ ರಕ್ಷಣೆಯಿದೆ. ಬ್ಲೂಬೆರಿ ಜುಲೈನಲ್ಲಿ ಹಣ್ಣಾಗುತ್ತದೆ. ಜೂನ್ ಕೊನೆಗೆ ಸಿಕ್ಕರೆ ಬಿಸಿಲಿನ ದಿಬ್ಬದಲ್ಲಿ ಒಂದಿಷ್ಟು ಕಾಡು ಸ್ಟ್ರಾಬೆರಿ.

ಬೆಂಕಿಯ ಮಾತು ಬೇರೆ. ಮೇ–ಜೂನ್‌ನ ಒಣಹವೆಯಲ್ಲಿ ಬೆಂಕಿ ನಿಷೇಧ ಬರುವುದು ಸಾಮಾನ್ಯ. ಪ್ರತಿದಿನವೂ ಆಯಾ ಪಂಚಾಯತಿಯ (ಕೊಮ್ಯೂನ್) ಜಾಲತಾಣ ನೋಡಿ. ನಿಷೇಧ ಇಲ್ಲದಿದ್ದರೂ ಬಂಡೆಯ ಮೇಲೆ ಬೆಂಕಿ ಹಾಕಬೇಡಿ, ಕಾವಿಗೆ ಬಂಡೆ ಸಿಡಿಯುತ್ತದೆ.

ಉಣುಗಿನ ಭಯ ಎಷ್ಟು ನಿಜ?

ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸು ಮತ್ತು ಇಲ್ಲಿ ಉಣುಗಿನಿಂದ ಬರುವ ಟಿಬಿಇ ಎಂಬ ಮಿದುಳುಜ್ವರದ ವೈರಸ್ಸು ಒಂದೇ ಬಳಗದವು. ಟಿಬಿಇಗೆ ಔಷಧಿಯಿಲ್ಲ, ಲಸಿಕೆಯಿದೆ. ಇನ್ನೊಂದು ಕಾಯಿಲೆ ಬೊರೇಲಿಯಾಗೆ ಲಸಿಕೆಯಿಲ್ಲ, ಆದರೆ ಆಂಟಿಬಯೋಟಿಕ್‌ಗೆ ವಾಸಿಯಾಗುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಸುಲಭ.

ಟಿಬಿಇ ವೈರಸ್ಸು ಉಣುಗಿನ ಜೊಲ್ಲಿನಲ್ಲೇ ಇರುವುದರಿಂದ ಕಚ್ಚಿದ ಕೂಡಲೇ ದಾಟಬಹುದು, ಬೇಗ ಕಿತ್ತರೂ ಪ್ರಯೋಜನ ಕಡಿಮೆ. ಬೊರೇಲಿಯಾ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಿಂದ ಬರಬೇಕು, ಅದಕ್ಕೆ ಸಾಮಾನ್ಯವಾಗಿ ಒಂದು ದಿನವಾದರೂ ಹಿಡಿಯುತ್ತದೆ. ಹಾಗಾಗಿ ದಿನಾ ಸಂಜೆ ಮೈ ನೋಡುವುದೇ ದೊಡ್ಡ ರಕ್ಷಣೆ. ಸ್ಟಾಕ್‌ಹೋಮ್ ಸುತ್ತಿನ ದ್ವೀಪಗಳು ಮತ್ತು ಮ್ಯಾಲಾರೆನ್ ಸರೋವರದ ತೀರಕ್ಕೆ ಹೋಗುವವರು ಲಸಿಕೆ ಹಾಕಿಸಿಕೊಂಡಿರಬೇಕು. ಮೊದಲೆರಡು ಡೋಸಿನ ನಡುವೆ ಒಂದರಿಂದ ಮೂರು ತಿಂಗಳು ಬಿಡುತ್ತಾರೆ, ಐವತ್ತು ದಾಟಿದವರಿಗೆ ಒಂದು ಡೋಸ್ ಹೆಚ್ಚು. ಆದ್ದರಿಂದ ಚಳಿಗಾಲದಲ್ಲೇ ಶುರು ಮಾಡಬೇಕು, ಹೊರಡುವ ಹಿಂದಿನ ವಾರ ನೆನಪಾದರೆ ತಡವಾಯಿತು.

ಉಣುಗು ಮರದಿಂದ ಉದುರುವುದಿಲ್ಲ, ಮೊಣಕಾಲೆತ್ತರದ ಹುಲ್ಲಿನ ತುದಿಯಲ್ಲಿ ಕಾಯುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತಿಳಿ ಬಣ್ಣದ ಬಟ್ಟೆ ಹಾಕಿ. ಮಕ್ಕಳಲ್ಲಿ ಕೂದಲಂಚು, ಕಿವಿಯ ಹಿಂದೆ, ಕಂಕುಳು, ಹೊಕ್ಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ ನೋಡಿ. ಮರಿ ಉಣುಗು ಎಳ್ಳಿನ ಕಾಳಿಗಿಂತ ಸಣ್ಣದು, ಕಣ್ಣಿಗಿಂತ ಬೆರಳಿಗೇ ಮೊದಲು ಸಿಗುತ್ತದೆ. ಔಷಧಿ ಅಂಗಡಿಯ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಎಣ್ಣೆ, ಸೀಮೆಎಣ್ಣೆ, ಕಡ್ಡಿಗೀರಿದ ಬೆಂಕಿ ಯಾವುದೂ ಬೇಡ. ಬಾಯಿಯ ಚೂರು ಒಳಗುಳಿದರೆ ಗಾಬರಿಯಿಲ್ಲ, ತಾನೇ ಹೊರಬರುತ್ತದೆ. ತಾರೀಖು ಬರೆದಿಡಿ. ಮುಂದಿನ ಒಂದು ತಿಂಗಳಲ್ಲಿ ಅಲ್ಲಿ 5 ಸೆಂಟಿಮೀಟರ್‌ಗಿಂತ ದೊಡ್ಡ ಕೆಂಪು ವೃತ್ತ ಹರಡಿದರೆ ಅಥವಾ ಜ್ವರ, ಜೋರು ತಲೆನೋವು ಬಂದರೆ ಆರೋಗ್ಯ ಸಹಾಯವಾಣಿ 1177ಕ್ಕೆ ಫೋನ್ ಮಾಡಿ.

ಹಾವು?

ವಿಷದ್ದು ಒಂದೇ: ಬೆನ್ನ ಮೇಲೆ ಅಂಕುಡೊಂಕು ಪಟ್ಟೆಯ 'ಹುಗ್‌ಊರ್ಮ್'. ನಮ್ಮ ಕೊಳಕುಮಂಡಲದ ಕುಟುಂಬಕ್ಕೇ ಸೇರಿದ್ದು, ಆದರೆ ಅಷ್ಟು ಮಾರಕವಲ್ಲ. ಕಚ್ಚಿದರೆ ಅವಯವ ಅಲ್ಲಾಡಿಸದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕತ್ತಿನಲ್ಲಿ ಹಳದಿ ಮಚ್ಚೆಯಿರುವ ಹಾವು ನಿರುಪದ್ರವಿ.

ಕೆರೆಯಲ್ಲಿ ಇಳಿಯಬಹುದೇ? ಮೀನು ಹಿಡಿಯಬಹುದೇ?

ಜೂನ್ ಮೊದಲ ವಾರ ನೀರು ಸುಮಾರು 15 ಡಿಗ್ರಿ ಇರುತ್ತದೆ, ಅದೂ ಮೇಲ್ಪದರದಲ್ಲಿ ಮಾತ್ರ. ಗಾಳಿ ತೀರದ ಕಡೆಯಿಂದ ಬೀಸಿದರೆ ಬಿಸಿ ಪದರ ಆಚೆ ಹೋಗಿ ಒಂದೇ ರಾತ್ರಿಯಲ್ಲಿ ನೀರು ಇನ್ನಷ್ಟು ತಣ್ಣಗಾಗಬಹುದು. ತಣ್ಣೀರಿಗೆ ಧುಮುಕಿದ ಕೂಡಲೇ ತನ್ನಷ್ಟಕ್ಕೆ ಉಸಿರು ಒಳಗೆಳೆಯುತ್ತದೆ. ಆಗ ಬಾಯಿ ನೀರೊಳಗಿದ್ದರೆ ಈಜು ಬಲ್ಲವರೂ ಮುಳುಗುತ್ತಾರೆ. ಆದ್ದರಿಂದ ಹಾರಬೇಡಿ, ಸೊಂಟದವರೆಗೆ ನಡೆದು, ಮುಖ-ಎದೆಗೆ ನೀರು ಹಾಕಿಕೊಂಡು ಇಳಿಯಿರಿ. ಕಟ್ಟೆಯ (ಬ್ರಿಗ್ಗಾ) ಮೇಲೆ ಆಡುವ ಮಗುವಿಗೂ ಲೈಫ್ ಜಾಕೆಟ್ ಇರಲಿ, ಕಾಲ ಸಂದಿಯ ಪಟ್ಟಿ ಕಟ್ಟಿರಬೇಕು. ಇಲ್ಲದಿದ್ದರೆ ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ.

ಗಾಳ ಹಾಕಲು ಸಮುದ್ರತೀರದಲ್ಲಿ ಹಾಗೂ ವೆನೆರ್ನ್, ವೆಟೆರ್ನ್, ಮ್ಯಾಲಾರೆನ್, ಯೆಲ್ಮಾರೆನ್, ಯಾಮ್ಟ್‌ಲ್ಯಾಂಡಿನ ಸ್ತೂರ್‌ಶೋನ್ ಈ ಐದು ಸರೋವರಗಳಲ್ಲಿ ಪರವಾನಗಿ ಬೇಡ. ಉಳಿದೆಡೆ ಆ ಕೆರೆಯ ಮೀನು ಕಾರ್ಡು ಕೊಳ್ಳಬೇಕು.

ಮಿಡ್‌ಸೊಮ್ಮರ್‌ಗೆ ಪರಿಚಯದವರು ಯಾರೂ ಇಲ್ಲ. ಸುಮ್ಮನೆ ಹೋಗಬಹುದೇ?

ಸಾರ್ವಜನಿಕ ಆಚರಣೆಗೆ ಯಾರು ಬೇಕಾದರೂ ಹೋಗಬಹುದು. ಊರ ಮೈದಾನ ಅಥವಾ ಹಳೇ ಮನೆಗಳ ಅಂಗಳದಲ್ಲಿ (ಹೆಮ್‌ಬಿಗ್ಡ್ಸ್‌ಗೋರ್ಡ್) ನಡೆಯುತ್ತದೆ. ಬೆಳಿಗ್ಗೆ ಕಂಬಕ್ಕೆ ಸೊಪ್ಪು-ಹೂ ಸುತ್ತುವ ಕೆಲಸಕ್ಕೆ ಕೈ ಹಾಕಿದರೆ ಪರಿಚಯ ತಾನಾಗಿ ಆಗುತ್ತದೆ. ಕೆಲವೆಡೆ ಮಧ್ಯಾಹ್ನವೇ ಕಂಬ ಎತ್ತುತ್ತಾರೆ, ಡಾಲಾರ್ನಾ ಪ್ರಾಂತದಲ್ಲಿ ಸಂಜೆಗೂ ಇರುತ್ತದೆ. ಅಲ್ಲಿಯ ಲೆಕ್‌ಸಾಂಡಿನಲ್ಲಿ ಸಾವಿರಾರು ಜನ ಸೇರುತ್ತಾರೆ, ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮಕ್ಕಳು ಸುಸ್ತು. ಸಣ್ಣ ಊರು ಆರಿಸಿಕೊಳ್ಳಿ. ಕಪ್ಪೆಗಳಂತೆ ಕುಪ್ಪಳಿಸುವ ಕುಣಿತಕ್ಕೆ ಅಜ್ಜಿಯರೂ ಸೇರುತ್ತಾರೆ, ಹಿಂಜರಿಯಬೇಡಿ.

ತಲೆಗೆ ಹೂವಿನ ಬಳೆ ಕಟ್ಟಲು ಬರ್ಚ್‌ನ ಎಳೆ ಕೊಂಬೆಯನ್ನು ತಲೆಯ ಅಳತೆಗೆ ಸುತ್ತಿ, ಮೂರು-ನಾಲ್ಕು ಹೂವಿನ ಪುಟ್ಟ ಗೊಂಚಲುಗಳನ್ನು ಒಂದರ ತೊಟ್ಟು ಇನ್ನೊಂದು ಮುಚ್ಚುವಂತೆ ದಾರದಿಂದ ಬಿಗಿಯಿರಿ. ಬೆಳಗಿನ ಹೂ ಎರಡು ಗಂಟೆ ನೀರಿನಲ್ಲಿಟ್ಟರೆ ಸಂಜೆವರೆಗೂ ಬಾಡುವುದಿಲ್ಲ. ಲೂಪಿನ್ ಬೇಕಾದಷ್ಟು ಕೀಳಿ, ಅದು ಹೊರಗಿನಿಂದ ಬಂದು ಹಬ್ಬಿದ ಗಿಡ. ಆದರೆ ಬಾಡಿದ ಮೇಲೆ ಬಯಲಿಗೆ ಎಸೆಯದೆ ಚೀಲದಲ್ಲಿ ಕಟ್ಟಿ ಸುಡುವ ಕಸಕ್ಕೆ ಹಾಕಿ. ಘಮಘಮಿಸುವ ಬಿಳಿ ಗಂಟೆಹೂ, ಲಿಲಿ ಆಫ್ ದ ವ್ಯಾಲಿ, ಪೂರ್ತಿ ವಿಷ. ಅದನ್ನಿಟ್ಟ ಲೋಟದ ನೀರೂ ಮಕ್ಕಳ ಬಾಯಿಗೆ ಹೋಗಬಾರದು.

ದಿನಸಿಯನ್ನು ಬುಧವಾರವೇ ತನ್ನಿ. ಗುರುವಾರ ಸಂಜೆ ಸಬ್ಬಸಿಗೆ, ಸ್ಟ್ರಾಬೆರಿ ಎರಡೂ ಖಾಲಿ. ಮದ್ಯ ಮಾರುವ ಸರ್ಕಾರಿ ಅಂಗಡಿ ಶುಕ್ರವಾರದಿಂದ ಭಾನುವಾರದವರೆಗೆ ಮುಚ್ಚಿರುತ್ತದೆ.

ನಾವು ಸಸ್ಯಾಹಾರಿಗಳು. ಮಿಡ್‌ಸೊಮ್ಮರ್ ಊಟದಲ್ಲಿ ನಮಗೇನಿದೆ?

ಉಪ್ಪಿನಕಾಯಿಯಂತೆ ಹಾಕಿದ ಹೆರಿಂಗ್ ಮೀನು ಬಿಟ್ಟರೆ ಉಳಿದದ್ದೆಲ್ಲ ನಿಮ್ಮದೇ: ಹೊಸ ಆಲೂಗಡ್ಡೆ, ಸಬ್ಬಸಿಗೆ, ಹುಳಿ ಕೆನೆ, ಎಳೆ ಈರುಳ್ಳಿ ಸೊಪ್ಪಿನಂಥ ಗ್ರ್ಯಾಸ್‌ಲೋಕ್, ಗಟ್ಟಿ ರೈ ರೊಟ್ಟಿ, ಸ್ಟ್ರಾಬೆರಿ. ಚೀಸ್ ತಿನ್ನುವವರು ಪ್ಯಾಕೆಟ್ಟಿನಲ್ಲಿ 'ಲೋಪೆ' ಎಂಬ ಮಾತು ನೋಡಿಕೊಳ್ಳಿ. ಪಕ್ಕದಲ್ಲಿ 'ಮಿಕ್ರೊಬಿಯೆಲ್' ಎಂದಿಲ್ಲದಿದ್ದರೆ ಅದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಾಗಿರಬಹುದು.

ಹೊಸ ಆಲೂಗಡ್ಡೆಯ ಸಿಪ್ಪೆ ತೆಗೆಯಬೇಡಿ, ಬ್ರಷ್‌ನಿಂದ ಉಜ್ಜಿದರೆ ಸಾಕು. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಸಬ್ಬಸಿಗೆಯ ದಂಟು ಹಾಕಿ, ಕುದಿಯುವ ನೀರಿಗೇ ಆಲೂ ಬಿಡಿ. 10–15 ನಿಮಿಷದಲ್ಲಿ ಚಾಕು ತುದಿ ಇಳಿಯುತ್ತದೆ. ನೀರು ಬಸಿದು ಬಟ್ಟೆ ಮುಚ್ಚಿ ಎರಡು ನಿಮಿಷ ಹಬೆಯಾಡಲು ಬಿಡಿ. ಕುಕ್ಕರಿಗೆ ಹಾಕಿದರೆ ಒಡೆದು ಹಿಟ್ಟಾಗುತ್ತದೆ.

ಫ್ಲೇಡರ್ (ಎಲ್ಡರ್‌ಫ್ಲವರ್) ಹೂವಿನ ಪಾನಕ ಮನೆಯಲ್ಲೇ ಮಾಡುವುದು ಹೇಗೆ?

ದಕ್ಷಿಣದಲ್ಲಿ ಜೂನ್ ಮಧ್ಯದ ನಂತರ ಈ ಬಿಳಿ ಚಪ್ಪಟೆ ಗೊಂಚಲು ಅರಳುತ್ತದೆ. ಗೊಂಚಲು ಚಪ್ಪಟೆಯಾಗಿರದೆ ಶಂಕುವಿನಾಕಾರ, ಹಸಿರು-ಹಳದಿ ಇದ್ದರೆ ಅದು ಕೆಂಪು ಹಣ್ಣಿನ ಬೇರೆ ಜಾತಿ, ಮುಟ್ಟಬೇಡಿ. ನೆಲದಿಂದೆದ್ದ ಮೆದು ದಂಟಿನ ಬಿಳಿಹೂವಿನ ಗಿಡಗಳೂ ಬೇಡ, ಅವುಗಳಲ್ಲಿ ಕಡುವಿಷದವು ಇವೆ. ಫ್ಲೇಡರ್ ಮರದಂಥ ಕಾಂಡದ ಪೊದೆ.

40 ಗೊಂಚಲು, 3 ನಿಂಬೆ (ಇಲ್ಲಿಯ ದೊಡ್ಡ ಹಳದಿ ನಿಂಬೆ), 50 ಗ್ರಾಂ ಸಿಟ್ರಿಕ್ ಆಸಿಡ್, 2 ಕಿಲೋ ಸಕ್ಕರೆ, ಒಂದೂವರೆ ಲೀಟರ್ ನೀರು. ಒಣ ಬಿಸಿಲಿನ ದಿನ, ಆಗತಾನೆ ಅರಳಿದ ಹೂ ಕೀಳಿ. ತೊಳೆಯಬೇಡಿ, ಪರಿಮಳ ಪರಾಗದಲ್ಲಿದೆ; ಕೊಡವಿದರೆ ಹುಳ ಉದುರುತ್ತದೆ. ಹಸಿರು ತೊಟ್ಟು ಕತ್ತರಿಸಿ ಬಿಸಾಡಿ, ಅದು ಹೊಟ್ಟೆಗೆ ಆಗಿಬರುವುದಿಲ್ಲ. ಹೂವಿನ ಮೇಲೆ ನಿಂಬೆ ಬಿಲ್ಲೆ ಹರಡಿ, ಸಕ್ಕರೆ ಕರಗಿಸಿ ಕುದಿಸಿದ ನೀರಿಗೆ ಸಿಟ್ರಿಕ್ ಆಸಿಡ್ ಸೇರಿಸಿ ಸುರಿಯಿರಿ. ಮುಚ್ಚಿ ತಣ್ಣನೆ ಜಾಗದಲ್ಲಿ ಮೂರು-ನಾಲ್ಕು ದಿನ ಇಟ್ಟು, ದಿನಕ್ಕೊಮ್ಮೆ ಕಲಕಿ, ಬಟ್ಟೆಯಲ್ಲಿ ಸೋಸಿ. ಒಂದು ಲೋಟ ಪಾನಕಕ್ಕೆ ಐದಾರು ಲೋಟ ನೀರು.

ಬೆಕ್ಕಿನ ಮೂತ್ರದ ವಾಸನೆ ಬಂದರೆ ಕಂದಾಗಿದ್ದ ಹೂ ಸೇರಿದೆ ಎಂದರ್ಥ. ನೊರೆಯೆದ್ದರೆ ಹುಳಿ ಕಡಿಮೆಯಾಗಿ ಹುದುಗುತ್ತಿದೆ. ಗಾಜಿನ ಬಾಟಲಿ ಸಿಡಿಯಬಹುದು. ಪ್ಲಾಸ್ಟಿಕ್ ಬಾಟಲಿಯಲ್ಲಿ ಮೇಲೆ ಜಾಗ ಬಿಟ್ಟು ಫ್ರೀಜರ್‌ನಲ್ಲಿಡುವುದೇ ಕ್ಷೇಮ.

ಅಂಗಳದಲ್ಲಿ ರೂಬಾರ್ಬ್ (ಹುಳಿ ದಂಟಿನ ಗಿಡ) ಬೆಳೆದಿದೆ. ತಿನ್ನಬಹುದೇ?

ಮಾಲೀಕರನ್ನು ಕೇಳಿ, ಹೂಂ ಅಂದರೆ ದಂಟು ಮಾತ್ರ, ಎಲೆ ವಿಷ. ಕತ್ತರಿಸದೆ ತಿರುಚಿ ಎಳೆಯಬೇಕು, ಕತ್ತರಿಸಿದರೆ ಉಳಿಯುವ ಮೋಟು ಕೊಳೆಯುತ್ತದೆ. ಆಕ್ಸಾಲಿಕ್ ಆಮ್ಲ ಹೆಚ್ಚುವುದರಿಂದ ಮಿಡ್‌ಸೊಮ್ಮರ್ ನಂತರ ಕೀಳುವುದಿಲ್ಲ. ಕಿಡ್ನಿ ಕಲ್ಲು ಇದ್ದವರು ಬಿಟ್ಟುಬಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಅಂದಹಾಗೆ, ತೊಗರಿಬೇಳೆಯೊಂದಿಗೆ ಹುಣಸೆಯ ಬದಲು ಹಾಕಿದರೆ ಸಾರು ಚೆನ್ನಾಗಿಯೇ ಬರುತ್ತದೆ.

ಕೊತ್ತಂಬರಿ ಹಾಕಿದರೆ ಬರೀ ಹೂವಾಗುತ್ತದೆ, ಯಾಕೆ?

ದಿನ ಉದ್ದವಾದಾಗ ಕೊತ್ತಂಬರಿ, ಪಾಲಕ್ ಎರಡೂ ಎಲೆ ಬಿಟ್ಟು ಹೂವಿಗೆ ಹೊರಡುತ್ತವೆ. ಜುಲೈ ಕೊನೆಗೆ ಬಿತ್ತಿ. ಹುರುಳಿಕಾಯಿ, ಸೌತೆಯನ್ನು ಜೂನ್ ಆರಂಭದ ಹಿಮರಾತ್ರಿಗಳು ಮುಗಿದ ಮೇಲೆ ಹೊರಗಿಡಿ; ಸಂಜೆ ಆಕಾಶ ನಿರಭ್ರವಾಗಿ ಗಾಳಿ ನಿಂತಿದ್ದರೆ ಮುಚ್ಚಲು ಬಟ್ಟೆ ಸಿದ್ಧವಿರಲಿ.

ರಸ್ತೆ ಬದಿ ಆಲೂಗಡ್ಡೆ, ಮೊಟ್ಟೆ ಇಟ್ಟಿದ್ದಾರೆ, ಮಾರುವವರೇ ಇಲ್ಲ. ದುಡ್ಡು ಹೇಗೆ ಕೊಡುವುದು?

ಅಲ್ಲೇ ಬರೆದಿರುವ ಸಂಖ್ಯೆಗೆ ಸ್ವಿಶ್ (ಮೊಬೈಲಿನಲ್ಲಿ ಹಣ ಕಳಿಸುವ ಆ್ಯಪ್) ಮಾಡಿ, ಅಥವಾ ಡಬ್ಬಿಗೆ ಹಾಕಿ. ಸ್ವಿಶ್‌ಗೆ ಸ್ವೀಡನ್ ಬ್ಯಾಂಕ್ ಖಾತೆ ಬೇಕು. ಊರಿನಿಂದ ಬಂದವರ ಕೈಲಿ ಸಣ್ಣ ನೋಟು, ಚಿಲ್ಲರೆ ಇರಲಿ, ಚಿಲ್ಲರೆ ವಾಪಸ್ ಕೊಡುವವರು ಯಾರೂ ಇರುವುದಿಲ್ಲ.

ಕಾರಿಲ್ಲದೆ ಆಗುತ್ತದೆಯೇ?

ಬಹಳ ಕಷ್ಟ. ಶಾಲೆ ಮುಗಿದ ದಿನದಿಂದ ಹಳ್ಳಿ ಬಸ್ಸುಗಳು ಬೇಸಿಗೆ ವೇಳಾಪಟ್ಟಿಗೆ ಇಳಿಯುತ್ತವೆ, ಭಾನುವಾರ ಒಂದೂ ಇಲ್ಲದಿರಬಹುದು. ಭಾರತದ ಲೈಸೆನ್ಸು ಇಲ್ಲಿ ನಿವಾಸಿಯಾಗಿ ನೋಂದಾಯಿಸಿದ ದಿನದಿಂದ ಒಂದು ವರ್ಷ ಮಾತ್ರ ನಡೆಯುತ್ತದೆ.

ಓಡಿಸುವಾಗ ಹಗಲಲ್ಲೂ ದೀಪ ಉರಿಯುತ್ತಿರಬೇಕು. ಮೇ–ಜೂನ್‌ನಲ್ಲಿ ಮೂಸ್ (ದೊಡ್ಡ ಜಾತಿಯ ಜಿಂಕೆ) ಹೆಣ್ಣುಗಳು ಮರಿ ಹಾಕುವ ಹೊತ್ತಿಗೆ ಹಿಂದಿನ ವರ್ಷದ ಮರಿಗಳನ್ನು ಓಡಿಸುತ್ತವೆ. ದಿಕ್ಕು ತೋಚದ ಆ ಮರಿಗಳು ನಸುಕು ಮತ್ತು ಸಂಜೆ ರಸ್ತೆಗೆ ಬರುತ್ತವೆ. ಒಂದು ದಾಟಿದರೆ ಇನ್ನೊಂದು ಹಿಂದೆಯೇ ಇರುತ್ತದೆಂದು ನಿಧಾನಿಸಿ. ಡಿಕ್ಕಿಯಾದರೆ ಪ್ರಾಣಿ ಓಡಿಹೋದರೂ 112ಕ್ಕೆ ತಿಳಿಸಿ, ಆ ಜಾಗಕ್ಕೆ ಕಣ್ಣಿಗೆ ಬೀಳುವ ಗುರುತು ಕಟ್ಟುವುದು ಕಾನೂನು. ಗಾಯಗೊಂಡ ಪ್ರಾಣಿಯನ್ನು ಹುಡುಕಿಕೊಂಡು ನಾಯಿಯೊಂದಿಗೆ ಬರುವ ಬೇಟೆಗಾರರು ಅಲ್ಲಿಂದಲೇ ಜಾಡು ಹಿಡಿಯುತ್ತಾರೆ.